ಆಕಾಶದಿಂದ ಬಂದವನ ಔಷಧ

ಯಲಗೂರಪ್ಪನಿಗೆ ಬಾವಿಯ ಮೇಲೆ ಸಿಟ್ಟಿಲ್ಲ. ಬಾವಿ ತನ್ನ ಗುಣ ತೋರಿಸಿತು, ಮುಗಿಯಿತು. ಕಲ್ಲು ಕಟ್ಟಿಸುವ ಮೊದಲೇ ಇನ್ನಷ್ಟು ಆಳ ತೋಡಿರೆಂದು ಗಂಟುಬಿದ್ದ ಹೊಲದ ಒಡೆಯನ ಮೇಲೂ ಈಗ ಸಿಟ್ಟಿಲ್ಲ. ಅವನ ಸಿಟ್ಟೆಲ್ಲ ಒಬ್ಬ ಡಾಕ್ಟರಮ್ಮನ ಮೇಲೆ. ಆಕೆ ಇವನ ಊರಾದ ನಿಡೋಣಿಗೆ ಕಾಲಿಟ್ಟವಳಲ್ಲ, ಇವನ ಕೈ ಹಿಡಿದು ನಾಡಿ ನೋಡಿದವಳಲ್ಲ. ಟೀವಿಯೊಳಗೆ ಬಿಳಿ ಕೋಟು ಹಾಕಿಕೊಂಡು ಓಡಾಡಿದವಳು. ಅವಳ ಸುದ್ದಿ ತೆಗೆದರೆ ಇವತ್ತಿಗೂ ಇವನ ದವಡೆ ಬಿಗಿಯುತ್ತದೆ. ಬೇರೆ ಯಾವುದಕ್ಕೂ ಬಿಗಿಯುವುದಿಲ್ಲ.

ಯಲಗೂರಪ್ಪ ಬಾವಿ ತೋಡುವವ. ಅವರದು ಮೂವರ ತಂಡ. ಕೆಳಗೆ ಯಲಗೂರಪ್ಪ ಮತ್ತು ಧೂಳಪ್ಪ, ಮೇಲೆ ರಾಟಿಯ ಹಗ್ಗ ಹಿಡಿದು ನಿಜಾಮುದ್ದೀನ. ಟಿಕೋಟಾದಿಂದ ಬಬಲೇಶ್ವರದವರೆಗೆ ಇವರು ತೋಡಿದ ಬಾವಿಯ ನೀರು ಕುಡಿಯದ ಎತ್ತು ಕಡಿಮೆ. ಧೂಳಪ್ಪನ ಬಾಯಿ ಸುಮ್ಮನಿರುತ್ತಿರಲಿಲ್ಲ; ಹಾರೆ ಹೊಡೆಯುತ್ತಲೇ ಪದ ಹೇಳುವವ, ಪದ ಮುಗಿದರೆ ಮೇಲಿನ ನಿಜಾಮುದ್ದೀನನನ್ನು ಬೈಯುವವ. ಯಲಗೂರಪ್ಪ ಮೊದಲಿನಿಂದಲೂ ಮಾತು ಕಡಿಮೆ, ಆದರೆ ನಗುವಾಗ ನಗುತ್ತಿದ್ದ.

ಅಥಣಿ ರಸ್ತೆಯ ಮಗ್ಗುಲಿಗೆ, ಟಿಕೋಟಾದ ಈಚೆ, ಒಂದು ಹೊಲದಲ್ಲಿ ಕೆಲಸ ನಡೆದಿತ್ತು. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು ಕಲ್ಲುಮಣ್ಣು. ಹಿಂದಿನ ದಿನ ಅಕಾಲಕ್ಕೆ ಒಂದು ಜಡಿಮಳೆ ಹೊಡೆದು ಹೋಗಿತ್ತು. ಮಧ್ಯಾಹ್ನ ರೊಟ್ಟಿ ತಿಂದು ಕೆಳಗಿಳಿದ ಮೇಲೆ ಒಂದು ಬದಿಯ ದಂಡೆ ಪೂರಾ ಬಿಟ್ಟುಬಂತು. ಯಲಗೂರಪ್ಪನಿಗೆ ಸೊಂಟದ ತನಕ ಮಣ್ಣು. ಗೋಡೆಯ ಪಕ್ಕಕ್ಕಿದ್ದ ಧೂಳಪ್ಪನಿಗೆ ಎದೆಯ ಮೇಲಿನ ತನಕ. ಊರ ಮಂದಿ ಕೂಡಿ, ಮತ್ತೆ ಮಣ್ಣು ಕುಸಿಯದ ಹಾಗೆ ತುಸು ತುಸುವೇ ತೆಗೆಯುವಷ್ಟರಲ್ಲಿ ಹೊತ್ತು ಮುಳುಗಲಿಕ್ಕೆ ಬಂದಿತ್ತು. ಧೂಳಪ್ಪನ ಜೀವ ಅಷ್ಟು ಹೊತ್ತು ತಡೆಯಲಿಲ್ಲ.

ಮೇಲೆ ಬಂದ ಯಲಗೂರಪ್ಪ ಅಳಲಿಲ್ಲ. ನೀರು ಕೊಟ್ಟರು, ಕುಡಿದ. ಗಾಡಿ ಹತ್ತೆಂದರು, ಹತ್ತಿದ. ಮನೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕುಳಿತವನು ಅಲ್ಲಿಯೇ ಕುಳಿತ. ಕಾಲು ಮಡಚಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದೆ, ಚಿವುಟಿದರೂ ಅದು ಯಾರದೋ ಕಾಲು ಅನಿಸುತ್ತದೆ. ಯಲಗೂರಪ್ಪನಿಗೆ ಆ ಜೋಮು ಒಳಗೆಲ್ಲ ಹಿಡಿದಿತ್ತು. ದುಃಖವೆಂದರೆ ದುಃಖವಲ್ಲ, ಅಂಜಿಕೆಯೆಂದರೆ ಅಂಜಿಕೆಯಲ್ಲ. ಎದುರಿಗೆ ಮಂದಿ ಬಾಯಿ ಆಡಿಸುತ್ತಿದ್ದರು, ಅದು ಮಾತು ಎಂದು ತಿಳಿಯುತ್ತಿತ್ತು, ಅದಕ್ಕೆ ತಿರುಗಿ ಮಾತು ಕೊಡಬೇಕೆಂದೂ ತಿಳಿಯುತ್ತಿತ್ತು. ಕೊಡಲಿಕ್ಕೆ ಒಳಗೆ ಏನೂ ಸಿಗುತ್ತಿರಲಿಲ್ಲ.

ಹೆಂಡತಿ ಗುರುಬಾಯಿ ಮೊದಮೊದಲು ಸಮಾಧಾನ ಮಾಡಿದಳು, ಆಮೇಲೆ ಬೈದಳು. ಮಠದ ವಿಭೂತಿ ಹಚ್ಚಿದಳು, ದರ್ಗಾದ ತಾಯತ ಕಟ್ಟಿದಳು, ವಿಜಾಪುರದ ಡಾಕ್ಟರು ಕೊಟ್ಟ ಕೆಂಪು ಟಾನಿಕ್ ಕುಡಿಸಿದಳು. ಒಂದು ದಿನ ತಲೆಕೆಟ್ಟು, ಬೇಕಂತಲೇ ಪಲ್ಯಕ್ಕೆ ಮುಷ್ಟಿಗಟ್ಟಲೆ ಉಪ್ಪು ಸುರಿದು ತಾಟು ಮುಂದಿಟ್ಟಳು. ಥೂ ಅನ್ನಲಿ, ತಾಟು ಒಗೆಯಲಿ, ಕಪಾಳಕ್ಕೆ ಬಾರಿಸಲಿ, ಏನಾದರೂ ಮಾಡಲಿ ಎಂದು ನೋಡುತ್ತ ನಿಂತಳು. ಯಲಗೂರಪ್ಪ ಪೂರಾ ಉಂಡು ಕೈ ತೊಳೆದ. ಗುರುಬಾಯಿ ಬೀಸುಕಲ್ಲಿನ ಮುಂದೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅದೂ ಅವನಿಗೆ ಕೇಳಿಸಿತು. ಕೇಳಿಸಿತು, ಅಷ್ಟೇ.

ಇದರ ನಡುವೆ ಮಗಳು ತಾಯವ್ವನ ಸಂಬಂಧ ನೇತುಬಿದ್ದಿತ್ತು. ಬಬಲೇಶ್ವರದ ಒಳ್ಳೆಯ ಮನೆತನ, ಹುಡುಗನನ್ನು ತಾಯವ್ವನೂ ಒಪ್ಪಿದ್ದಳು. ಆದರೆ ನಿಶ್ಚಯದ ದಿನ ಹಿರಿಯರ ಮುಂದೆ ಹೆಣ್ಣಿನ ತಂದೆ ‘ಹೆಣ್ಣು ಕೊಟ್ಟೇನಿ’ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆಯೇ ಸಕ್ಕರೆ ಹಂಚುವುದು. ಹುಡುಗನ ಅಜ್ಜಿ ಬೋರವ್ವ ಆ ಮನೆಯ ಯಜಮಾನಿ. ಬಂದು ಯಲಗೂರಪ್ಪನನ್ನು ನೋಡಿ, ಹೊಸ್ತಿಲಲ್ಲೇ ನಿಂತು ಹೇಳಿದಳು.

“ಗುರುಬಾಯಿ, ನಿನ್ನ ಮಗಳು ಬಂಗಾರದಂತಾಕಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ತಂದಿ ಬಾಯಿಲೆ ಮಾತ ಬರಲಿಲ್ಲಂದ್ರ ಆ ಹೆಣ್ಣ ಹೆಂಗ ಒಯ್ಯೂದ? ನಾಳೆ ಮಂದಿ ‘ಮೂಕನ ಮನಿ ಹೊಕ್ಕು ಹೆಣ್ಣು ಎತ್ತಿಕೊಂಡು ಬಂದ್ರು’ ಅಂತಾರ. ಯುಗಾದಿ ತನಕ ತಡೀತೀನಿ. ಆಮ್ಯಾಲ ನನ್ನ ಬೈಬ್ಯಾಡ.”

ಯಲಗೂರಪ್ಪ ಪಕ್ಕದಲ್ಲಿಯೇ ಕುಳಿತಿದ್ದ. ತನ್ನ ವಿಷಯವೇ ನಡೆದಿದೆ ಎಂದು ಗೊತ್ತಾಯಿತು. ಒಲೆಯ ಮೇಲಿನ ಹಾಲು ಉಕ್ಕುತ್ತಿರುವುದೂ ಗೊತ್ತಾಯಿತು. ಎರಡೂ ಒಂದೇ ತೂಕ.

ಅದೇ ವರ್ಷ ಸರಕಾರದವರು ನಿಡೋಣಿಯ ಸಾಲಿಗೆ ಟೀವಿ ತಂದಿಟ್ಟರು. ಸಾಲಿಯ ಮಾಳಿಗೆಯ ಮೇಲೆ ಕೋಳಿ ಜಾಳಿಗೆಯಂಥ ದೊಡ್ಡ ಛತ್ರಿ, ಕೆಳಗೆ ಪಡಸಾಲೆಯಲ್ಲಿ ಮರದ ಪೆಟ್ಟಿಗೆ, ಅದರ ಕೀಲಿ ಶಿವಯೋಗೆಪ್ಪ ಮಾಸ್ತರರ ಅಂಗಿಯ ಕಸೆಯಲ್ಲಿ. ಸಂಜೆಯಾದರೆ ಊರಿಗೆ ಊರೇ ಅಲ್ಲಿ. ಗೊಬ್ಬರ ಹೇಗೆ ಹಾಕಬೇಕು, ಕೂಸಿಗೆ ದೇವಿಯ ಚುಚ್ಚುಮದ್ದು ಹೇಗೆ ಹಾಕಿಸಬೇಕು, ಎಮ್ಮೆಗೆ ಯಾವ ಸೂಜಿ, ಎಲ್ಲ ಹೇಳುತ್ತಿದ್ದರು. ವಾರಕ್ಕೊಮ್ಮೆ ಒಂದು ನಾಟಕ. ಮುಂದೆ ಯಾವಾಗಲೋ ನಡೆಯುವ ಕಥೆಯಂತೆ. ಇಬ್ಬರು ರಾಕೆಟ್ಟಿನಲ್ಲಿ ಕುಳಿತು ಚುಕ್ಕಿಯೊಂದಕ್ಕೆ ಹೋಗುತ್ತಾರೆ. ಅಲ್ಲಿ ರಾಕೆಟ್ಟು ಒಡೆದು ಒಬ್ಬ ಸಾಯುತ್ತಾನೆ. ಉಳಿದವನು ಒಬ್ಬನೇ ತಿರುಗಿ ಬರುತ್ತಾನೆ, ಬಂದವನು ಮಾತಾಡುವುದಿಲ್ಲ. ಅವನಿಗೆ ಏನೋ ಉದ್ದನ್ನ ಹೆಸರಿತ್ತು. ನಿಡೋಣಿಯವರು ಅವನನ್ನು ಆಕಾಶಪ್ಪ ಅಂದರು.

ಆಕಾಶಪ್ಪ ಒಂದು ಬಿಳಿ ಕೋಣೆಯಲ್ಲಿ, ಕುರ್ಚಿಯ ಮೇಲೆ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕುಳಿತಿರುತ್ತಿದ್ದ. ಹೆಂಡತಿ ಬಂದು ಅಳುತ್ತಿದ್ದಳು, ದೊಡ್ಡ ಸಾಹೇಬರು ಬಂದು ಪದಕ ಹಚ್ಚುತ್ತಿದ್ದರು. ಅವನು ಗೋಡೆ ನೋಡುತ್ತಿದ್ದ.

“ಲೇ, ಇಂವ ನಮ್ಮ ಯಲಗೂರಪ್ಪನಂಗ ಕುಂತಾನಲ್ಲೋ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಯಲಗೂರಪ್ಪನೂ ಅಲ್ಲಿಗೇ ಹೋಗಿ ಬಂದಾನ ತಗೋ. ಪದಕಾ ಒಂದ ಕೊಟ್ಟಿಲ್ಲ!”

ಪಡಸಾಲೆಯೆಲ್ಲ ನಕ್ಕಿತು. ಶಿವಯೋಗೆಪ್ಪ ಮಾಸ್ತರರು ಬೆತ್ತದಿಂದ ಕಂಬಕ್ಕೆ ಬಡಿದು “ಸುಮ್ಮ ಕುಂದರ್ರಿ, ಇಲ್ಲಾಂದ್ರ ಕೀಲಿ ಹಾಕ್ತೀನಿ” ಎಂದರು. ಯಲಗೂರಪ್ಪನಿಗೆ ನಗೆಯೂ ತಾಗಲಿಲ್ಲ, ಬೆತ್ತದ ಸಪ್ಪಳವೂ ತಾಗಲಿಲ್ಲ. ಅವನು ಮೊಣಕಾಲ ಮೇಲಿನ ಆ ಕೈ ನೋಡುತ್ತಿದ್ದ. ಕೈ ಅಲ್ಲಾಡುತ್ತಿರಲಿಲ್ಲ. ಇಷ್ಟು ದಿನ ಯಾರ ಮುಖ ನೋಡಿದರೂ ಗಾಜಿನ ಆಚೆ ಇದ್ದ ಹಾಗೆ ಕಾಣುತ್ತಿತ್ತು. ಇವನೊಬ್ಬ ಖರೇನೇ ಗಾಜಿನ ಆಚೆ ಇದ್ದ, ಆದರೆ ಹತ್ತಿರದವ ಅನಿಸಿದ. ಇವನಿಗೆ ಗೊತ್ತಿದೆ ಎಂದುಕೊಂಡ ಯಲಗೂರಪ್ಪ. ಅವನೊಳಗೆ ಆ ವರ್ಷ ಹುಟ್ಟಿದ ಮೊದಲ ವಿಚಾರ ಅದು.

ಮುಂದಿನ ವಾರದಿಂದ ನಾಟಕದ ದಿನ ಯಾರೂ ಹೇಳದೆಯೇ ಎದ್ದು, ರುಮಾಲು ಸುತ್ತಿಕೊಂಡು, ಸಾಲಿಯ ಕಡೆಗೆ ನಡೆಯತೊಡಗಿದ. ಗುರುಬಾಯಿ ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದಳು. ಮೆಲ್ಲಗೆ ಹುಷಾರಾಗಾಕತ್ತಾನ ಎಂದು ಅವಳಿಗೆ ಅನಿಸಿತು. ತಪ್ಪೇನಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿದ್ದನೇನೋ, ಯಾರು ಕಂಡವರು?

ಆದರೆ ಟೀವಿಯವರಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಆ ಡಾಕ್ಟರಮ್ಮ ಬಂದಳು. ಆಕಾಶಪ್ಪನನ್ನು ಮೊದಲಿನಂಥದ್ದೇ ಒಂದು ಸುಳ್ಳು ರಾಕೆಟ್ಟಿನಲ್ಲಿ ಕೂರಿಸಿದಳು. ಬಾಗಿಲು ಬಿಗಿದಳು. ಹೊರಗಿನಿಂದ ಅದನ್ನು ಅಲ್ಲಾಡಿಸಿದಳು, ದೀಪ ಆರಿಸಿದಳು, ಹಚ್ಚಿದಳು, ಗುಡುಗಿನ ಸಪ್ಪಳ ಮಾಡಿಸಿದಳು. ಆಕಾಶಪ್ಪ ಒಳಗೆ ಕಿಟಾರನೆ ಕಿರುಚಿದ. ಸತ್ತ ಗೆಳೆಯನ ಹೆಸರು ಹಿಡಿದು ಹೋ ಎಂದು ಅತ್ತ. ಬಾಗಿಲು ತೆಗೆದರೆ ಓಡಿಬಂದು ಹೆಂಡತಿಯನ್ನು ತಬ್ಬಿಕೊಂಡ. ಅದರ ಹಿಂದೆಯೇ ಚಹಾ ಕುಡಿಯುತ್ತ ಚೇಷ್ಟೆ ಮಾಡುತ್ತ ಕುಳಿತುಬಿಟ್ಟಿದ್ದ. ಒಂದು ಚಿಲುಮೆ ಸೇದಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಪಡಸಾಲೆ ಚಪ್ಪಾಳೆ ತಟ್ಟಿತು. ಯಲಗೂರಪ್ಪ ಆ ಕೈ ಹುಡುಕಿದ. ಕೈಯಲ್ಲಿ ಕಪ್ಪು-ಬಸಿ ಇತ್ತು, ಬೆರಳು ಆಡುತ್ತಿದ್ದವು. ಆಕಾಶಪ್ಪನೂ ತನ್ನನ್ನು ಬಿಟ್ಟು ಎದ್ದು ಹೋದ. ಅಷ್ಟೇ ಅಂದುಕೊಂಡು ಅಲ್ಲಿಯೇ ಕುಳಿತ. ಮುಂದೆ ಹತ್ತಿಯ ಕೀಡೆಯ ಬಗ್ಗೆ ಹೇಳಿದರು, ಅದನ್ನೂ ನೋಡಿದ.

ಆವತ್ತು ಗುರುಬಾಯಿಯ ಅಣ್ಣ ಶಂಕರೆಪ್ಪ ಟಿಕೋಟಾದಿಂದ ಬಂದಿದ್ದ. ಊರಲ್ಲಿ ಯಾರ ಎತ್ತಿಗೆ ಹೊಟ್ಟೆ ಉಬ್ಬಿದರೂ ಮುಂದೆ ನಿಂತು ಬಿದಿರ ಗೊಟ್ಟದಿಂದ ಔಷಧ ಕುಡಿಸುವ ಮನುಷ್ಯ, ಎತ್ತು ಬದುಕಿದರೆ ತನ್ನಿಂದ, ಸತ್ತರೆ ಅದರ ಹಣೆಬರಹದಿಂದ. ಅವನು ತಂಗಿಯ ಮುಂಗೈ ಹಿಡಿದು ಅಲ್ಲಾಡಿಸಿದ.

“ನೋಡಿದ್ಯಾ ತಂಗಿ? ಔಷಧ ಕಣ್ಣ ಮುಂದ ಐತಿ! ನಾವು ತಾಯತಾ ಕಟ್ಟಿಕೋಂತ ಕುಂತೇವಿ.”

ಶಿವಯೋಗೆಪ್ಪ ಮಾಸ್ತರರು ಕೀಲಿ ಹಾಕುತ್ತಿದ್ದವರು ತಿರುಗಿ ನೋಡಿದರು. “ಶಂಕರೆಪ್ಪ, ಅದು ನಾಟಕ ಐತಪಾ. ಅಳಾಕ ಅವಗ ರೊಕ್ಕಾ ಕೊಟ್ಟಿರ್ತಾರ.”

“ಯಾಕ್ರಿ ಮಾಸ್ತರ? ಗೊಬ್ಬರದ್ದು ಖರೆ, ಸೂಜಿದು ಖರೆ, ಹತ್ತಿ ಕೀಡಿದು ಖರೆ, ಇದೊಂದು ಸುಳ್ಳಾ? ಸರಕಾರ ಹಿಟ್ಟನ್ಯಾಗ ಅರ್ಧಾ ಸುಣ್ಣ ಕೂಡಿಸಿ ಕೊಡತೈತೇನು?”

ಮಾಸ್ತರರು ಕೀಲಿಯನ್ನು ಕಸೆಗೆ ಕಟ್ಟಿಕೊಂಡು ಹೊರಟರು. ಗುರುಬಾಯಿಗೆ ಯುಗಾದಿ ಕಾಣಿಸುತ್ತಿತ್ತು. ಅವಳು ಹೂಂ ಅಂದಳು. ಯಲಗೂರಪ್ಪನನ್ನು ಯಾರೂ ಕೇಳಲಿಲ್ಲ.

ಟಿಕೋಟಾದ ಹೊಲದಲ್ಲಿ ಶಂಕರೆಪ್ಪನದೊಂದು ಹಳೆಯ ಬತ್ತಿದ ಬಾವಿ ಇತ್ತು. ಟೀವಿಯಲ್ಲಿ ಸುಳ್ಳು ರಾಕೆಟ್ಟು, ಇಲ್ಲಿ ಬತ್ತಿದ ಬಾವಿ. ರಾಟಿ ಹೂಡಿದರು. ಹಗ್ಗ ಹಿಡಿಯಲಿಕ್ಕೆ ನಿಜಾಮುದ್ದೀನನಿಗೆ ಹೇಳಿ ಕಳಿಸಿದ್ದರು. ಅವನು ಬಂದವನೇ ಉರಿದುಬಿದ್ದ.

“ಶಂಕ್ರ್ಯಾ, ನಿನಗ ತಲಿ ನೆಟ್ಟಗೈತೇನಲೇ? ಹಾವು ಕಡದಾಂವಗ ಮತ್ತೊಂದ ಹಾವ ತಂದು ಕಡಸ್ತಾರೇನು?”

“ನೀ ಓದಿಲ್ಲ, ಬರದಿಲ್ಲ. ನಿನಗೇನ ತಿಳೀತೈತಿ?”

“ನೀ ಭಾಳ ಓದಿಯಲ್ಲ, ನೀನ ಇಳಿ.”

ಗುರುಬಾಯಿ ನಿಜಾಮುದ್ದೀನನ ಮುಂದೆ ಸೆರಗೊಡ್ಡಿದಳು. “ಅಣ್ಣಾ, ಒಂದ ಸಲ. ನನಗ ಬ್ಯಾಡ, ತಾಯವ್ವನ ಮಾರಿ ನೋಡು. ನೀ ಹಿಡೀಲಿಲ್ಲಂದ್ರ ನಮ್ಮಣ್ಣ ಮತ್ತ್ಯಾರ ಕೈಯಾಗರ ಹಗ್ಗಾ ಕೊಡತಾನ.”

ಅದು ಖರೆ ಇತ್ತು. ಬೇರೆಯವರ ಕೈಗೆ ಯಲಗೂರಪ್ಪನ ಹಗ್ಗ ಬಿಡುವ ಮನಸ್ಸು ನಿಜಾಮುದ್ದೀನನಿಗೆ ಆಗಲಿಲ್ಲ. ಕಾಲು ಊರಿ ನಿಂತು ಹಗ್ಗ ಹಿಡಿದ. ಬುಟ್ಟಿಯಲ್ಲಿ ಕೂರು ಅಂದರು, ಯಲಗೂರಪ್ಪ ಕುಳಿತ. ಇಳಿಸಿದರು, ಇಳಿದ.

ಕೆಳಗೆ ಗರಸು ಒಣಗಿ ಗಟ್ಟಿಯಾಗಿತ್ತು. ಒಳ್ಳೆಯ ಗರಸು ಎಂದು ಅವನ ಅಂಗಾಲಿಗೆ ತಿಳಿಯಿತು. ಬುಟ್ಟಿಯಿಂದ ಇಳಿದು ನಿಂತ. ಮೇಲೆ ಬೆಳಕಿನ ದುಂಡು, ಅದರ ಅಂಚಿಗೆ ತಲೆಗಳು. ಏನೂ ಆಗಲಿಲ್ಲ. ಮನೆಯ ಗೋಡೆಯ ಮುಂದೆ ಕುಳಿತ ಹಾಗೆಯೇ ಇಲ್ಲಿಯೂ ನಿಂತ.

ಆಗ ಹೆಗಲ ಮೇಲೆ ಒಂದು ಹೆಂಟೆ ಬಿತ್ತು. ಅದರ ಹಿಂದೆ ಬುಟ್ಟಿಗಟ್ಟಲೆ ಮಣ್ಣು. ಶಂಕರೆಪ್ಪ ಡಾಕ್ಟರಮ್ಮ ಮಾಡಿದ್ದರಲ್ಲಿ ಒಂದನ್ನೂ ಬಿಡುವವನಲ್ಲ. ಅವಳು ರಾಕೆಟ್ಟು ಅಲ್ಲಾಡಿಸಿದಳು, ಇವನು ಮಣ್ಣು ಸುರಿದ. ಗಿಡದ ಮರೆಗೆ ಮೊದಲೇ ಬುಟ್ಟಿ ತುಂಬಿ ಇಟ್ಟಿದ್ದ, ಯಾರಿಗೂ ಹೇಳಿರಲಿಲ್ಲ.

ನಿಜಾಮುದ್ದೀನನ ಎರಡೂ ಕೈ ಹಗ್ಗದಲ್ಲಿ. ಬಿಟ್ಟು ಶಂಕರೆಪ್ಪನ ಕುತ್ತಿಗೆ ಹಿಡಿಯೋಣವೆಂದರೆ ಹಗ್ಗ ಕೆಳಗಿನವನದು. ನಿಂತಲ್ಲಿಯೇ ಒದರಿದ. “ಸಾಕ ಮಾಡಲೇ ಭಾಡ್ಯಾ! ಅಂವ ಮ್ಯಾಲ ಬಂದಿಂದ ನಿನ್ನ ಇದರಾಗ ಹುಗೀತೀನಿ!”

“ತಡಿಯೋ, ಇನ್ನೂ ಒದರಿಲ್ಲಂವ! ಒದರಬೇಕ ಅಂವ! ಒದರಿದ್ರನ ಔಷಧ ಹಿಡದಂಗ!”

ಕೆಳಗೆ ಯಲಗೂರಪ್ಪ ಒದರಲಿಲ್ಲ. ಅವನ ಮೈಗೆ ಕೆಲಸ ಗೊತ್ತಿತ್ತು. ಬುಟ್ಟಿ ಎತ್ತಿ ತಲೆಯ ಮೇಲೆ ಹಿಡಿದು, ಗಟ್ಟಿ ಇದ್ದ ಬದಿಗೆ ಸರಿದು, ಬೆನ್ನು ಗೋಡೆಗೆ ಕೊಟ್ಟು ನಿಂತ. ಮಣ್ಣು ಬುಟ್ಟಿಯ ಮೇಲೆ ಬೀಳುವ ಸಪ್ಪಳ ಕೇಳಿದ. ಮೇಲೆ ಎಲ್ಲರೂ ಕಿರುಚುವಿಕೆಗಾಗಿ ಕಾದರು. ಬಾವಿಯಿಂದ ಏನೂ ಬರಲಿಲ್ಲ. ಕೊನೆಗೆ ಕಿರುಚಿದವಳು ಗುರುಬಾಯಿ. ಅಣ್ಣನ ಕೈಯ ಬುಟ್ಟಿಯನ್ನು ಒದ್ದು, ಅವನನ್ನು ನೂಕಿ, ಬಾವಿಯ ಅಂಚಿಗೆ ಓಡಿಬಂದು ಬಗ್ಗಿದಳು.

ಯಲಗೂರಪ್ಪ ತಲೆಯೆತ್ತಿದ. ಬೆಳಕಿನ ಅಂಚಿಗೆ ಅವಳ ಎರಡು ಪಾದ ಕಂಡವು. ಪಾದದ ಕೆಳಗಿನಿಂದ ಎರೆಮಣ್ಣು ಎಳೆಎಳೆಯಾಗಿ ಸುರಿಯುತ್ತಿತ್ತು.

“ಹಿಂದ ಸರಿ. ದಂಡಿ ಸಡಲೈತಿ.”

ಅವನ ಬಾಯಿಂದ ಬಂದದ್ದು ಅಷ್ಟೇ. ಬಾವಿ ಕೆಲಸದ ಮಾತು, ಹಿಂದೆ ದಿನಕ್ಕೆ ಹತ್ತಾರು ಸಲ ಆಡುತ್ತಿದ್ದದ್ದು. ಗುರುಬಾಯಿ ಹಿಂದೆ ಸರಿದಳು. ಅವಳು ನಿಂತಿದ್ದ ಜಾಗ ಮೊರದಷ್ಟು ಒಡೆದು ಕೆಳಗೆ ಬಿತ್ತು. ಶಂಕರೆಪ್ಪ ಕುಣಿದೇಬಿಟ್ಟ.

“ಮಾತಾಡಿದ! ಹಿಡೀತು ಔಷಧ! ನಾ ಹೇಳಿದ್ನೋ ಇಲ್ಲೊ?”

ಟಿಕೋಟಾದ ಸಂತೆಯಲ್ಲಿ ಅವನು ಇದನ್ನೇ ಮಾರಿದ. ಟೀವಿಯ ಡಾಕ್ಟರಮ್ಮನ ಔಷಧದಿಂದ ನಮ್ಮ ತಂಗಿಯ ಗಂಡ ಮಾತಾಡಿದ ಎಂದು. ಹೆಂಡತಿ ಬೀಳುತ್ತಾಳೆಂದು ಒಬ್ಬ ಗಂಡ ಬಾಯಿಬಿಟ್ಟ ಎಂದು ಯಾರಿಗೂ ಹೊಳೆಯಲಿಲ್ಲ. ಮೇಲೆ ಬಂದ ಯಲಗೂರಪ್ಪ ಮೊದಲಿನ ಹಾಗೆಯೇ ಬಾಯಿ ಮುಚ್ಚಿದ, ಅದನ್ನು ಮಾತ್ರ ಶಂಕರೆಪ್ಪ ಸಂತೆಯಲ್ಲಿ ಹೇಳಲಿಲ್ಲ. ಮೊದಲು ಇಲ್ಲದ ಒಂದು ಮಾತ್ರ ಕೂಡಿಕೊಂಡಿತ್ತು. ಹೆಗಲ ಮೇಲೆ ಏನು ಬಿದ್ದರೂ, ಟಾವೆಲ್ಲು ಬಿದ್ದರೂ, ಮೈ ತಾನೇ ನಡುಗುತ್ತಿತ್ತು. ಮನಸ್ಸಿಗೆ ಆಗಲೂ ಏನೂ ಇಲ್ಲ. ಹೆಗಲು ಬೇರೆ ಯಾರದೋ ಅನ್ನುವಂತೆ ಕುಳಿತು, ಅದು ನಡುಗುವುದನ್ನು ನೋಡುತ್ತಿದ್ದ.

ಸಂತೆಯ ಸುದ್ದಿ ಬಬಲೇಶ್ವರಕ್ಕೂ ಮುಟ್ಟಿತು. ಬೋರವ್ವ ಹಿರಿಯರನ್ನು ಕಟ್ಟಿಕೊಂಡು, ಸಕ್ಕರೆ-ಎಲೆ ಹಿಡಿಸಿಕೊಂಡು ನಿಶ್ಚಯಕ್ಕೆ ಬಂದೇಬಿಟ್ಟಳು. ಅಂಗಳದಲ್ಲಿ ಜಮಖಾನ ಹಾಸಿದರು. ಯಲಗೂರಪ್ಪನಿಗೆ ಹೊಸ ಧೋತರ ಉಡಿಸಿ ನಡುವೆ ಕೂರಿಸಿದರು. ಮಗ್ಗುಲಿಗೆ ನಿಜಾಮುದ್ದೀನ. ಬಾಗಿಲ ಮರೆಗೆ ತಾಯವ್ವ.

“ಹೇಳಪಾ ಯಲಗೂರಪ್ಪ. ಮಗಳ್ನ ಕೊಟ್ಟಿಯೋ ಹೆಂಗ?” ಎಂದಳು ಬೋರವ್ವ.

ಯಲಗೂರಪ್ಪನಿಗೆ ಪ್ರಶ್ನೆ ತಿಳಿದಿತ್ತು, ಉತ್ತರವೂ ತಿಳಿದಿತ್ತು. ನಾಲಿಗೆ ಜೋಮು ಹಿಡಿದು ಬಾಯಲ್ಲಿ ಬಿದ್ದಿತ್ತು. ಗುರುಬಾಯಿ ಕಣ್ಣು ಮುಚ್ಚಿಕೊಂಡಳು. ಹಿರಿಯರೊಬ್ಬರು ಕೆಮ್ಮಿದರು. ಶಂಕರೆಪ್ಪ “ಯಲಗೂರಪ್ಪಾ, ಒದರು” ಎಂದು ಪಿಸುಗುಟ್ಟಿದ. ಒಳಗಿನಿಂದ ಬಳೆ ಸಪ್ಪಳವಾಯಿತು, ತಾಯವ್ವ ಬಾಗಿಲು ಬಿಟ್ಟು ಒಳಗೆ ಸರಿದಳೇನೋ.

ಯಲಗೂರಪ್ಪನ ಕೈ ಎದ್ದಿತು. ನಿಜಾಮುದ್ದೀನನ ಅಂಗಿಯ ತೋಳು ಹಿಡಿದು ಎರಡು ಸಲ ಜಗ್ಗಿತು.

ನಿಜಾಮುದ್ದೀನ ತಡಮಾಡಲಿಲ್ಲ. “ಕೊಟ್ಟಾನಂತ್ರಿ” ಎಂದ.

ಬೋರವ್ವ ಹುಬ್ಬು ಗಂಟಿಕ್ಕಿದಳು. “ನಾ ಕೇಳಿದ್ದು ಅವನ ಬಾಯಿ. ನಿಂದಲ್ಲ.”

“ಯವ್ವಾ, ಬಾವಿಯೊಳಗಿಂದ ಒದರಿದ್ರ ಮ್ಯಾಲ ತಿಳಿಯೂದಿಲ್ಲ. ಕೆಳಗಿನಾಂವ ಹಗ್ಗಾ ಜಗ್ಗತಾನ, ಏನಂದ ಅಂತ ಮ್ಯಾಲಿನಾಂವ ಮಂದಿಗೆ ಹೇಳತಾನ. ನನ್ನ ಕೈಯಾಗ ಬಲ ಬಂದಾಗಿಂದ ಇಂವ ಜಗ್ಗ್ಯಾನ, ನಾ ಹೇಳೇನಿ. ಒಂದರ ತಪ್ಪಿ ಹೇಳಿದ್ರ ಇಂವ ಇವತ್ತ ಇಲ್ಲಿ ಕುಂದರತಿದ್ದಿಲ್ಲ. ನಿಮ್ಮ ಹೊಲದಾಗಿನ ಬಾವಿನೂ ಹಂಗ ತೋಡೇವಿ. ಅದರ ನೀರು ಕುಡೀತೀರೋ, ಇಲ್ಲಾ ಮೂಕನ ನೀರು ಅಂತ ಚೆಲ್ತೀರೋ?”

ಬೋರವ್ವ ಯಲಗೂರಪ್ಪನ ಕೈ ನೋಡಿದಳು. ಅದು ಇನ್ನೂ ತೋಳು ಬಿಟ್ಟಿರಲಿಲ್ಲ.

“ಬಾಯಿ ಅಂದ್ರ ಬಾಯಿ ಐತಿ ಬಿಡು ನಿಂದು. ಇಬ್ಬರ ಪಾಲಿಂದೂ ನೀನ ತಗೊಂಡಿ,” ಎಂದು ಹಿರಿಯರ ಕಡೆಗೆ ತಿರುಗಿದಳು. “ಸಕ್ಕರಿ ತರ್ರಿ.”

ತಾಯವ್ವ ಬಬಲೇಶ್ವರಕ್ಕೆ ಹೋದಳು. ಸಾಲಿಯ ಟೀವಿ ಒಂದು ವರ್ಷ ನಡೆದು ನಿಂತುಹೋಯಿತು, ಆಕಾಶದಲ್ಲಿದ್ದ ಅದರ ಯಂತ್ರ ಬೇರೆ ದೇಶದ ಕಡೆಗೆ ಸರಿಯಿತೆಂದು ಮಾಸ್ತರರು ಹೇಳಿದರು. ಯಲಗೂರಪ್ಪ ಮತ್ತೆ ಬಾವಿಗೆ ಇಳಿಯಲಿಲ್ಲ. ನಿಜಾಮುದ್ದೀನ ಯಾರಿಗೋ ಹೇಳಿ, ವಿಜಾಪುರದ ಜೋರಾಪುರ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ತೂಕಕ್ಕೆ ಹಚ್ಚಿದ. ಗಂಡ-ಹೆಂಡತಿ ಅಲ್ಲಿಯೇ ಒಂದು ಕೋಣೆ ಹಿಡಿದರು. ಮಾತು ಬಂದವು, ಆದರೆ ಟೀವಿಯಲ್ಲಿ ಬಂದ ಹಾಗೆ ದಬದಬನೆ ಬರಲಿಲ್ಲ. ಮಳೆಗಾಲದಲ್ಲಿ ಒಂದು ‘ಹೂಂ’, ದಸರೆಯ ಮುಂದೆ ಒಂದು ‘ಬ್ಯಾಡ’. ಒಂದು ದಿನ ಪಲ್ಯ ಬಾಯಿಗಿಟ್ಟು “ಉಪ್ಪ ಕಡಿಮಿ ಆತು” ಎಂದ. ಗುರುಬಾಯಿ ಉಪ್ಪಿನ ಗಡಿಗೆ ಹಿಡಿದುಕೊಂಡು ಬಹಳ ಹೊತ್ತು ಅವನ ಮುಂದೆ ನಿಂತಿದ್ದಳು.

ಕಳೆದ ಸುಗ್ಗಿಯಲ್ಲಿ ಅಂಗಡಿಗೆ ರುದ್ರವ್ವ ಬಂದಳು. ಧೂಳಪ್ಪನ ಹೆಂಡತಿ. ಜೋಳದ ಚೀಲ ಹೊತ್ತಿದ್ದಳು. ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಇವನನ್ನು ಗುರುತು ಹಿಡಿದಳು.

“ಮಾತ ಬಂದಾವಂತಲ್ಲೋ ಯಣ್ಣಾ? ಚಲೋ ಆತು.” ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಕಡೀಗೆ ನಮ್ಮವರು ಏನರ ಅಂದ್ರೇನು? ನೀ ಒಬ್ಬಾಂವನ ಇದ್ದಿ ಅಲ್ಲಿ.”

ಅಂದಿದ್ದ. ಎದೆಯ ಮೇಲಿನ ಮಣ್ಣು ಬಿಗಿಯುತ್ತಿದ್ದಾಗ ಧೂಳಪ್ಪ ದೇವರನ್ನೂ ನೆನೆಯಲಿಲ್ಲ, ಅಳಲಿಲ್ಲ. “ಎಮ್ಮಿ ಮಣಕ ಮಾರಬ್ಯಾಡ ಅನ್ನು ರುದ್ರವ್ವಗ. ಗೊಡ್ಡಲ್ಲ ಅದು, ಗಬ್ಬ ಐತಿ. ನಿನ್ನಿ ಕೈಯಾಡಿಸಿ ನೋಡೇನಿ” ಎಂದಿದ್ದ. ಅದನ್ನೇ ಎರಡೆರಡು ಸಲ ಹೇಳಿ, “ಹೇಳತೀಯಿಲ್ಲೊ?” ಎಂದು ಕೇಳಿದ್ದ. ಯಲಗೂರಪ್ಪ ಹೂಂ ಅಂದಿದ್ದ. ರುದ್ರವ್ವ ದಿನಕರ್ಮದ ಖರ್ಚಿಗೆಂದು, ಗೊಡ್ಡು ಮಣಕವೆಂದು, ಬಂದಷ್ಟಕ್ಕೆ ಅದನ್ನು ಮಾರಿದ್ದು ನಿಡೋಣಿಗೆಲ್ಲ ಗೊತ್ತು. ಆಗ ಯಲಗೂರಪ್ಪ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದ.

ಈಗ ಬಾಯಿ ಇತ್ತು. ತೆರೆದ. ಮಾತು ತುಟಿಯ ತನಕ ಬಂತು. ರುದ್ರವ್ವ ಕತ್ತು ಮುಂದೆ ಮಾಡಿ ಕಾದಳು.

“ಚೀಲಾ ಇಲ್ಲಿಡು” ಎಂದ ಯಲಗೂರಪ್ಪ.

ತೂಗಿದ. ಅವಳು ರೊಕ್ಕ ಎಣಿಸಿಕೊಂಡು, ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು, ಬಿಸಿಲಿಗೆ ಇಳಿದಳು. ಈ ಬಿತ್ತಿಗೆಯ ಮುಂದೆ ತವರಿನವರ ಜೊತೆ ಸೊಲ್ಲಾಪುರದ ಗಿರಣಿಗೆ ಹೋದಳಂತೆ. ಧೂಳಪ್ಪ ಅವಳಿಗೆ ಮುಟ್ಟಿಸಲು ಕೊಟ್ಟ ಮಾತು ಯಲಗೂರಪ್ಪನ ಹತ್ತಿರವೇ ಇದೆ.